ಗಸಗಸೆ ಗಿಡಕ್ಕೆ ಬಂದ ಬೀಗರು

ನವೆಂಬರಿನ ಮೂರನೆಯ ವಾರ, ಬೆಳಗಿನ ಏಳೂವರೆ. ಧಾರವಾಡದ ಚಳಿ ಇನ್ನೂ ಹದಕ್ಕೆ ಬಂದಿರಲಿಲ್ಲ. ಅವ್ವ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತ ಕೂತಿದ್ದಳು. ತಲೆಯ ಮೇಲೆ ಯಾರೋ ಒದ್ದೆ ಸೀರೆ ಜಾಡಿಸಿದಂಥ ಸಪ್ಪಳವಾಯಿತು. ನಲವತ್ತೋ ಐವತ್ತೋ ಹಕ್ಕಿಗಳು ಒಂದೇ ಏಟಿಗೆ ಬಂದು ಗಸಗಸೆ ಹಣ್ಣಿನ ಗಿಡದೊಳಗೆ ಮುಳುಗಿದವು. ಹಕ್ಕಿ ಕಾಣುತ್ತಿಲ್ಲ, ಗಿಡವೇ ಗದ್ದಲ ಮಾಡುತ್ತಿದೆ. ಅವ್ವ ಬಟ್ಟಲು ಕೆಳಗಿಟ್ಟು ಕಣ್ಣು ಕಿರಿದು ಮಾಡಿ ನೋಡಿದಳು.

"ಏ, ಇವು ಜ್ವಾಳದ ಹಕ್ಕಿ ಅಲ್ಲೇನ?"

ಹೌದು ಅನ್ನುವಷ್ಟರಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿ, "ಹೋ... ಹೋ..." ಎಂದು ಒಂದು ಕೂಗು ಹಾಕಿದಳು. ಎಂಬತ್ತೆರಡು ವರ್ಷದ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಕ್ಕಿಗಳಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಅಷ್ಟೂ ಎದ್ದು ಪಕ್ಕದ ಓಣಿಯ ಕಡೆ ಹೊರಟುಹೋದವು.

ಮೂರು ವಾರದಿಂದ ಅವುಗಳ ದಾರಿ ಕಾಯುತ್ತಿದ್ದವಳು ನಾನು. ಹೋದ ವರ್ಷ ಬಂದ ತಾರೀಖಿಗೆ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಸುತ್ತು ಹಾಕಿಟ್ಟು, ದುರ್ಬೀನು ಒರೆಸಿಟ್ಟು ಕೂತಿದ್ದೆ. ಕಾದ ಬೀಗರು ಬಂದದ್ದೂ ಆಯಿತು, ಅರ್ಧ ನಿಮಿಷಕ್ಕೆ ಹೊರಬಿದ್ದದ್ದೂ ಆಯಿತು. "ಯಾಕವ್ವಾ ಹಂಗ ಮಾಡಿದಿ?" ಅಂದೆ. ಅವ್ವ ತನ್ನ ಅಂಗೈಗಳನ್ನೇ ನೋಡಿಕೊಂಡಳು. "ನನಗೂ ಗೊತ್ತಿಲ್ಲ ನೋಡವಾ. ಕೈ ತಾವ ಎದ್ದೂವು."

ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಈ ಹಕ್ಕಿಯ ಹೆಸರು ಗುಲಾಬಿ ಕಬ್ಬಕ್ಕಿ. ಗುಲಾಬಿ ಮೈನಾ ಅನ್ನುವವರೂ ಉಂಟು. ನಮ್ಮ ಅಂಗಳದ ಗೊರವಂಕದ ದಾಯಾದಿ, ಅದಕ್ಕಿಂತ ಒಂದು ಸುತ್ತು ಸಣ್ಣದು. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ತಿಳಿ ಗುಲಾಬಿ. ನೆತ್ತಿಯ ಮೇಲೆ ಹಿಂದಕ್ಕೆ ಬಾಚಿದಂಥ ಜುಟ್ಟು. ತೂಕ 70 ಗ್ರಾಮಿನ ಆಸುಪಾಸು, ಅಂದರೆ ಒಂದು ದೊಡ್ಡ ಕೋಳಿಮೊಟ್ಟೆಯಷ್ಟು. ಇಷ್ಟು ಹಗುರದ ಜೀವ ಹುಟ್ಟುವುದು ಕಜಕಸ್ತಾನ, ಉಜ್ಬೇಕಿಸ್ತಾನ, ತುರ್ಕಮೆನಿಸ್ತಾನ, ಚೀನಾದ ಶಿಂಜಿಯಾಂಗ್ ಪ್ರಾಂತಗಳ ಒಣ ಹುಲ್ಲುಬಯಲಿನಲ್ಲಿ. ಅಲ್ಮಾಟಿಯಿಂದ ಧಾರವಾಡಕ್ಕೆ ಭೂಪಟದ ಮೇಲೆ ಗೆರೆ ಎಳೆದರೆ 3 ಸಾವಿರ ಕಿಲೋಮೀಟರ್ ದಾಟುತ್ತದೆ. ಹಕ್ಕಿ ಹಾಗೆ ನೆಟ್ಟಗೆ ಬರುವುದಿಲ್ಲ. ಹಿಮಾಲಯವನ್ನು ಎಡಕ್ಕೆ ಬಿಟ್ಟು, ಸುತ್ತು ಹಾಕಿ, ವಾಯವ್ಯದ ಬಾಗಿಲಿನಿಂದ ದೇಶದೊಳಗೆ ಕಾಲಿಡುತ್ತದೆ. ಆಗಸ್ಟಿನ ಹೊತ್ತಿಗೇ ಗುಜರಾತಿನಲ್ಲಿ ಕಾಣಿಸಿಕೊಂಡ ಗುಂಪುಗಳು ಕೆಳಗಿಳಿಯುತ್ತ ಇಳಿಯುತ್ತ ನಮ್ಮ ಕಡೆ ಬರುವಾಗ ದೀಪಾವಳಿಯ ಎಣ್ಣೆ ಆರಿರುತ್ತದೆ.

ಅಷ್ಟು ದೂರದಿಂದ ಬಂದವಕ್ಕೆ ನಮ್ಮ ಮನೆಯಲ್ಲಿ ಸಿಗುವುದು ಗಸಗಸೆ ಹಣ್ಣು. ಈ ಗಿಡವನ್ನು ನಾನು ನೆಟ್ಟದ್ದಲ್ಲ. (ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು, ಬೆಂಗಳೂರಿನ ಸ್ನೇಹಿತೆಯರು ಇದನ್ನು ಕೇಳಿ ಕುಂಡದಲ್ಲಿರಬೇಕು ಅಂದುಕೊಳ್ಳುತ್ತಾರೆ.) ಬಚ್ಚಲ ನೀರು ಹರಿದುಹೋಗುವ ಮೋರಿಯ ಪಕ್ಕ, ಕಂಪೌಂಡಿನ ಕಲ್ಲು ಸಂದಿಯಲ್ಲಿ ಒಂದು ಮಳೆಗಾಲ ತಾನೇ ಎದ್ದದ್ದು. ಎರಡು ವರ್ಷಕ್ಕೆ ನನ್ನ ಎತ್ತರ ಮೀರಿತು, ನಾಲ್ಕನೆಯ ವರ್ಷಕ್ಕೆ ಸಜ್ಜದ ಮೇಲೆ ಕೊಂಬೆ ಚಾಚಿತು. ಎಲೆ ಮುಟ್ಟಿದರೆ ಜಿಗುಟು, ನುಣ್ಣನೆಯ ರೋಮ. ಹೂ ಬಿಳಿ, ಐದು ಎಸಳು, ಎಲೆಯ ಮೇಲೆ ತಲೆಯೆತ್ತಿ ನಿಲ್ಲುತ್ತದೆ. ಕಾಯಿ ಕಟ್ಟಿದ ಮೇಲೆ ತೊಟ್ಟು ಬಾಗಿ ಎಲೆಯ ಕೆಳಗೆ ತೂಗುತ್ತದೆ, ಮದುವೆಯಾದ ಮೇಲೆ ತಲೆ ತಗ್ಗಿಸಬೇಕು ಅಂತ ಯಾರೋ ಹೇಳಿಕೊಟ್ಟ ಹಾಗೆ. ಹಸಿರು, ಹಳದಿ, ಕೆಂಪು ಮೂರೂ ಒಂದೇ ಕೊಂಬೆಯಲ್ಲಿ ಇರುತ್ತವೆ. ಹಣ್ಣು ಗೋಲಿಗಿಂತ ಸಣ್ಣದು. ಒತ್ತಿದರೆ ಜೇನಿನಂಥ ರಸ, ಅದರೊಳಗೆ ಗಸಗಸೆಗಿಂತ ಸಣ್ಣ ಸಾವಿರಾರು ಬೀಜ. ಹೆಸರು ಬಂದದ್ದೇ ಅದರಿಂದ. ಕೆಲವರು ಸಿಂಗಪುರ ಚೆರ್ರಿ ಅನ್ನುತ್ತಾರೆ, ಆದರೆ ಇದರ ತವರು ಸಿಂಗಪುರವೂ ಅಲ್ಲ, ಮೆಕ್ಸಿಕೋದಿಂದ ಪೆರುವಿನವರೆಗಿನ ಉಷ್ಣ ಅಮೆರಿಕ. ಅಮೆರಿಕದ ಗಿಡ, ಕಜಕಸ್ತಾನದ ಹಕ್ಕಿ, ಧಾರವಾಡದ ಮೋರಿ. ನಡುವೆ ನಮ್ಮದು ಅನ್ನುವುದು ಬಚ್ಚಲ ನೀರೊಂದೇ.

ಆ ಸಂಜೆ ಅವ್ವ ಜೋಳದ ಹಕ್ಕಿಯ ಕತೆ ತೆಗೆದಳು. ಅವಳ ತವರು ವಿಜಯಪುರ ಜಿಲ್ಲೆಯ ಡೋಣಿ ಸಾಲಿನ ಹಳ್ಳಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ಮಾತು ಆ ಕಡೆಯದು. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಎದೆಯುದ್ದ ಬೆಳೆದು, ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಈ ಹಕ್ಕಿ ಬರುತ್ತಿತ್ತು. ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಮಂಚಿಕಿ ಕಟ್ಟುವುದು, ಅದರ ಮೇಲೆ ಮನೆಯ ಹುಡುಗ ಹುಡುಗಿಯರನ್ನು ಹತ್ತಿಸುವುದು. ಅವ್ವ ಎಂಟು ವರ್ಷದವಳಿದ್ದಾಗಿನಿಂದ ಮಂಚಿಕಿ ಹತ್ತಿದವಳು.

"ನಸುಕಿನ್ಯಾಗ ಎದ್ದು ಹೋಗಬೇಕಿತ್ತವಾ, ಹಕ್ಕಿ ಬರೂಕಿಂತ ಮೊದಲ. ಕವಣಿ ಬೀಸಿ ಬೀಸಿ ರಟ್ಟಿ ಬಿದ್ದ ಹೋಗತಿದ್ದೂವು. ಈ ಮೂಲ್ಯಾಗ ಎಬ್ಬಿಸಿದ್ರ ಆ ಮೂಲ್ಯಾಗ ಬೀಳತಿದ್ದೂವು. ಆಕಾಶ ಕಪ್ಪ ಆಗತಿತ್ತು ನೋಡು. ನಿನಗ ಐವತ್ತ ಹಕ್ಕಿ ಭಾಳ ಕಾಣತಾವು!"

ಕವಣೆಯ ಕಲ್ಲು ಹಕ್ಕಿಗೆ ತಗುಲಲೇಬೇಕು ಅಂತಿಲ್ಲ. ಬೀಸಿ ಹಗ್ಗದ ಒಂದು ತುದಿ ಬಿಟ್ಟಾಗ ಬರುವ ಚಟ್ ಸಪ್ಪಳವೇ ಸಾಕು. ಎಣ್ಣೆಯ ಖಾಲಿ ಡಬ್ಬಿ ಬಾರಿಸುವುದು, ಕೂಗು ಹಾಕುವುದು ಬೇರೆ. ನಮ್ಮ ಹಿತ್ತಲಲ್ಲಿ ಹಾಕಿದ್ದು ಅದೇ ಕೂಗು. ಎಪ್ಪತ್ತು ವರ್ಷ ಒಳಗೆ ಕೂತಿತ್ತು. ಬ್ರಿಟಿಷರ ಕಾಲದ ಪಕ್ಷಿ ಪುಸ್ತಕಗಳಲ್ಲಿ ಈ ಹಕ್ಕಿಗೆ 'ಜವಾರಿ ಬರ್ಡ್' ಎಂಬ ಹೆಸರು ಸಿಗುತ್ತದೆ. ಜವಾರಿ ಅಂದರೆ ಜೋಳ. ದೂರು ಕೊಟ್ಟವರ ಬಾಯಿಂದಲೇ ಹೆಸರು ಬರೆದುಕೊಂಡ ಹಾಗಿದೆ.

ಇಲ್ಲೊಂದು ಮಾತು ಸೇರಿಸಬೇಕು. ಇಡೀ ತಿಂಗಳು ಹಕ್ಕಿ ಓಡಿಸುವ ಆ ಮನೆಗಳಲ್ಲೇ ಎಳ್ಳ ಅಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆಯ ಕಡುಬು, ಪುಂಡಿಪಲ್ಲೆ, ಬದನೆಕಾಯಿ ಎಲ್ಲವನ್ನೂ ಕಲಸಿ ಬೆಳೆಯ ನಡುವೆ ನಾಲ್ಕು ದಿಕ್ಕಿಗೂ ಎರಚುವುದು. ಭೂಮಿತಾಯಿಗೆ ಅದು, ಅಂದರೆ ಹುಳುವಿಗೆ, ಇರುವೆಗೆ, ಹಕ್ಕಿಗೆ. "ಅವತ್ತೂ ಕವಣಿ ಬೀಸತಿದ್ರೇನ?" ಅಂತ ಕೇಳಿದೆ. "ಚರಗ ಚೆಲ್ಲೂ ತನಕಾ ಇಲ್ಲ. ಊಟ ಆದ ಮ್ಯಾಲ ಬೀಸತಿದ್ವಿ," ಅಂದಳು ಅವ್ವ, ಏನೂ ಮುಚ್ಚಿಡದೆ.

ನಾನು ಅವಳಿಗೆ ಹಕ್ಕಿಯ ವರ್ಷದ ಲೆಕ್ಕ ಹೇಳಿದೆ. ಮೇ, ಜೂನ್‌ನಲ್ಲಿ ಮಧ್ಯ ಏಷ್ಯಾದಲ್ಲಿ ಮಿಡತೆಗಳು ಏಳುತ್ತವೆ. ಆ ಮಿಡತೆಯ ಸುಗ್ಗಿಯನ್ನೇ ನಂಬಿ ಗುಲಾಬಿ ಕಬ್ಬಕ್ಕಿಗಳು ಸಾವಿರಗಟ್ಟಲೆ ಒಂದೆಡೆ ಸೇರಿ ಕಲ್ಲುರಾಶಿಗಳ ಸಂದಿಯಲ್ಲಿ ಗೂಡು ಮಾಡುತ್ತವೆ. ಮೊಟ್ಟೆ, ಮರಿ, ಹಾರಾಟ ಎಲ್ಲ ಒಂದೇ ಉಸಿರಿಗೆ ಮುಗಿಯಬೇಕು; ಮಿಡತೆ ಮುಗಿದರೆ ಊಟ ಮುಗಿಯಿತು. ಜುಲೈಗೆಲ್ಲ ಗಂಟು ಕಟ್ಟಿ ಹೊರಡುವುದೇ. ಆಗಸ್ಟಿನಿಂದ ಏಪ್ರಿಲಿನವರೆಗೆ ಅವು ಇರುವುದು ಭಾರತದಲ್ಲಿ. ಹನ್ನೆರಡು ತಿಂಗಳಲ್ಲಿ ಎಂಟು ತಿಂಗಳಿಗೂ ಮಿಕ್ಕಿ ಈ ನೆಲದ ಅನ್ನ. ನಾವು ಪುಸ್ತಕದಲ್ಲಿ ಮಾತ್ರ ಅವನ್ನು ವಲಸೆ ಹಕ್ಕಿ, ಪರದೇಶದ ಅತಿಥಿ ಅಂತ ಬರೆದುಕೊಳ್ಳುತ್ತೇವೆ.

ಅವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಂಗಾರ ಇವು ಅಲ್ಲಿಂದ ಇಲ್ಲಿಗೆ ಬರೂದಲ್ಲ. ಬಾಣಂತನಕ್ಕ ತವರಿಗೆ ಹೋಗಿ ಬರತಾವು."

ಇದಕ್ಕಿಂತ ಚೆನ್ನಾಗಿ ವಲಸೆಯನ್ನು ಯಾವ ಪಕ್ಷಿಶಾಸ್ತ್ರದ ಪುಸ್ತಕವೂ ನನಗೆ ಹೇಳಿಲ್ಲ.

ತವರಿನಲ್ಲಿ ಈ ಹಕ್ಕಿಗೆ ಇರುವ ಮರ್ಯಾದೆಯೇ ಬೇರೆ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಕ್ಯಾಡ್ಮಸ್ ಎಂಬ ಬೆಟ್ಟದ ಜನರ ಬಗ್ಗೆ ಬರೆದಿದ್ದಾನೆ: ಮಿಡತೆ ಬಂದು ಬೆಳೆ ತಿನ್ನತೊಡಗಿದರೆ ಅವರು ದೇವರಾಜ ಜೂಪಿಟರನಿಗೆ ಮೊರೆಯಿಡುತ್ತಾರೆ, ಆಗ ಒಂದು ಬಗೆಯ ಹಕ್ಕಿಗಳು ಎಲ್ಲಿಂದಲೋ ಬಂದು ಮಿಡತೆಯನ್ನು ತಿಂದು ಹೋಗುತ್ತವೆ. ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಯಾರಿಗೂ ತಿಳಿಯದು. ಅದು ಗುಲಾಬಿ ಕಬ್ಬಕ್ಕಿಯೇ ಇರಬೇಕು ಅಂತ ಮುಂದಿನವರು ಊಹಿಸಿದ್ದಾರೆ. ಹಳೆಯ ಕತೆ ಬಿಡೋಣ. ಶಿಂಜಿಯಾಂಗಿನಲ್ಲಿ 1980ರ ದಶಕದಿಂದ ಈಚೆಗೆ, ಮಿಡತೆಗೆ ಔಷಧ ಹೊಡೆಯುವ ಬದಲು ಈ ಹಕ್ಕಿಗಳಿಗೆಂದೇ ಕಲ್ಲು, ಇಟ್ಟಿಗೆ ಪೇರಿಸಿ ಗೂಡಿನ ಸಾಲುಗಳನ್ನು ಕಟ್ಟಿಸಿದ್ದಾರೆ. ಹುಲ್ಲುಗಾವಲಿನ ಕುರಿಗಾಹಿಗಳಿಗೆ ಇದು ಕಾವಲು ಪಡೆ. ಅದೇ ಹಕ್ಕಿ ಅದೇ ವರ್ಷ ಡೋಣಿ ಸಾಲಿಗೆ ಬಂದರೆ ಎಂಟು ವರ್ಷದ ಹುಡುಗಿಯೊಬ್ಬಳು ಮಂಚಿಕಿಯ ಮೇಲೆ ಕವಣೆ ಹಿಡಿದು ಕೂತಿರುತ್ತಾಳೆ. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ.

ಹಿತ್ತಲಲ್ಲಿ ಗುಲಾಬಿ ಕಬ್ಬಕ್ಕಿ ಊಟ ಮಾಡುವ ರೀತಿ ನೋಡಬೇಕು. ಸಾಲಾಗಿ ಕೂತು ಬಡಿಸಿಕೊಂಡು ಉಣ್ಣುವ ಜಾತಿಯಲ್ಲ. ತಲೆಕೆಳಗಾಗಿ ಜೋತು, ಪಕ್ಕದವನ ಹಣ್ಣು ಕಿತ್ತು, ಬೈದು, ಬೈಸಿಕೊಂಡು, ಐದು ನಿಮಿಷದಲ್ಲಿ ಆ ಕೊಂಬೆಯ ಕೆಂಪನ್ನೆಲ್ಲ ಹಸಿರು ಮಾಡಿ ಹಾರುತ್ತವೆ. ಮತ್ತೆ ಒಂದು ತಾಸಿಗೆ ಬರುತ್ತವೆ. ಅವು ಹೋದ ಮೇಲೆ ಸಭ್ಯರು ಬರುತ್ತಾರೆ. ಪಿಕಳಾರ ಜೋಡಿಯಾಗಿ ಬರುತ್ತದೆ. ಕೋಗಿಲೆ ಒಂದು ಮಾತೂ ಆಡದೆ ಎಲೆಯ ಮರೆಯಲ್ಲಿ ನುಂಗುತ್ತ ಕೂಡುತ್ತದೆ. ಚೈತ್ರದಲ್ಲಿ ಊರೆಲ್ಲ ಕೂಗುವ ಪ್ರಾಣಿ ಚಳಿಗಾಲದಲ್ಲಿ ಎಷ್ಟು ಮೌನಿ! ಹೆಬ್ಬೆರಳುದ್ದದ ಬದನಿಕೆ ಹಕ್ಕಿ ಹಣ್ಣನ್ನು ನುಂಗಲಾರದೆ ತೂತು ಮಾಡಿ ರಸ ಹೀರುತ್ತದೆ. ಒಮ್ಮೊಮ್ಮೆ ಹೊನ್ನಕ್ಕಿ. ಅದೂ ನಮ್ಮ ಕಡೆಗೆ ಚಳಿಗಾಲದ ಹಕ್ಕಿಯೇ, ಉತ್ತರದಿಂದ ಬರುವುದು. ಹಳದಿ ಹೊಳಪು ಒಮ್ಮೆ ಎಲೆಗಳ ನಡುವೆ ಮಿಂಚಿದರೆ ಅವತ್ತಿನ ಅಡುಗೆ ತಡವಾಗುವುದು ಖಾತ್ರಿ.

ಹಕ್ಕಿಗೆ ಹಣ್ಣು ಬರೀ ಬಾಯಿರುಚಿ ಅಲ್ಲ. ಗುಲಾಬಿ ಕಬ್ಬಕ್ಕಿ ಏಪ್ರಿಲಿನಲ್ಲಿ ಮತ್ತೆ ಅಷ್ಟು ದೂರ ಹಾರಬೇಕು. ಅದಕ್ಕೆ ಬೇಕಾದ ಉರುವಲು ಕೊಬ್ಬು. ಒಂದು ಗ್ರಾಂ ಸಕ್ಕರೆ ಕೊಡುವ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು ಒಂದು ಗ್ರಾಂ ಕೊಬ್ಬಿನಲ್ಲಿದೆ. ಹಾರುವ ಮೈಗೆ ಹಗುರದ ಬುತ್ತಿ ಅದೇ. ಹಣ್ಣಿನ ಸಿಹಿಯನ್ನು ಮೈ ಕೊಬ್ಬು ಮಾಡಿ ಚರ್ಮದಡಿ ಕಟ್ಟಿಟ್ಟುಕೊಳ್ಳುತ್ತದೆ.

ಸಿಹಿ ಅಂದೆ, ಅಲ್ಲಿಯೂ ಒಂದು ಸೂಕ್ಷ್ಮ ಇದೆ. ಹಕ್ಕಿಗೆ ದಾಹವಾಗುತ್ತದೆಂದು ಸಕ್ಕರೆ ನೀರು ಕಲಸಿಡುವವರನ್ನು ಕಂಡಿದ್ದೇನೆ. ನಾನೂ ಒಂದು ಬೇಸಿಗೆ ಬೆಲ್ಲದ ನೀರಿಟ್ಟು ಪುಣ್ಯ ಕಟ್ಟಿಕೊಂಡೆ ಅಂದುಕೊಂಡಿದ್ದೆ. ಕಬ್ಬಿನ ಸಕ್ಕರೆ, ಬೆಲ್ಲ ಬಹುಪಾಲು ಸುಕ್ರೋಸ್. ಅದನ್ನು ಕರುಳು ಗ್ಲುಕೋಸ್, ಫ್ರುಕ್ಟೋಸ್ ಎಂದು ಎರಡು ತುಂಡು ಮಾಡಿದರೆ ಮಾತ್ರ ರಕ್ತಕ್ಕೆ ಇಳಿಯುತ್ತದೆ. ಹಾಗೆ ತುಂಡು ಮಾಡುವ ಕಿಣ್ವ ಯುರೋಪಿನ ಕಬ್ಬಕ್ಕಿಯಲ್ಲೂ ಅಮೆರಿಕದ ರಾಬಿನ್‌ನಲ್ಲೂ ಇಲ್ಲವೆಂದು ಪರೀಕ್ಷೆ ಮಾಡಿದವರು ಕಂಡುಕೊಂಡಿದ್ದಾರೆ; ಆ ಇಡೀ ಬಳಗದ ಲಕ್ಷಣ ಅದು. ಹೆಚ್ಚು ಕುಡಿದರೆ ಹೊಟ್ಟೆ ಕೆಡುತ್ತದೆ. ಹಕ್ಕಿಗಳಿಗೆಂದೇ ಹಣ್ಣಾಗುವ ಕಾಡುಹಣ್ಣುಗಳಲ್ಲಿ ಹೆಚ್ಚಾಗಿ ಇರುವುದು ಮೊದಲೇ ತುಂಡಾದ ಸಕ್ಕರೆ. ಗಿಡ ಅವುಗಳ ಪಥ್ಯ ತಿಳಿದು ಅಡುಗೆ ಮಾಡುತ್ತದೆ. ಕಬ್ಬಕ್ಕಿಯ ಹೆಸರಿನಲ್ಲೇ ಕಬ್ಬು ಕೂತಿದೆ (ಹೆಸರಿನ ಮೂಲ ಅದೇ ಅಂತ ವಾದಿಸಲು ನಾನು ತಯಾರಿಲ್ಲ), ಕಬ್ಬಿನ ಸಕ್ಕರೆ ಮಾತ್ರ ಅದರ ಬಳಗಕ್ಕೆ ಒಗ್ಗುವುದಿಲ್ಲ. ಈಗ ನಾನು ಮಣ್ಣಿನ ಅಗಲ ಪರಾತದಲ್ಲಿ ಬರೀ ನೀರಿಡುತ್ತೇನೆ. ಕುಡಿಯುವುದಕ್ಕಿಂತ ಸ್ನಾನಕ್ಕೇ ಹೆಚ್ಚು ಖರ್ಚು.

ಎದುರು ಮನೆಯವರ ಮಾತೂ ಹೇಳದಿದ್ದರೆ ಕತೆ ಒಂದು ಪಕ್ಷದ್ದಾಗುತ್ತದೆ. ಈ ಗಿಡದ ಕೆಳಗೆ ಕಾರು ನಿಲ್ಲಿಸುವ ಹಾಗಿಲ್ಲ. ಒಣಹಾಕಿದ ಬಟ್ಟೆಯ ಮೇಲೆ ಕಲೆ ಬೀಳುತ್ತದೆ. ಉದುರಿದ ಹಣ್ಣಿಗೆ ನೊಣ. ರಾತ್ರಿ ಪಾಳಿ ಬಾವಲಿಗಳದ್ದು. ಅವು ಹಣ್ಣು ಕಿತ್ತು ತಗಡಿನ ಮೇಲೆ ತೊಟ್ಟು, ಸಿಪ್ಪೆ ಉದುರಿಸುತ್ತವೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಕಡೆ ನಿಫಾ ಕಾಣಿಸಿಕೊಂಡಾಗ ಬಾವಲಿ ಅನ್ನುವ ಶಬ್ದಕ್ಕೇ ಓಣಿಯವರು ಬಾಗಿಲು ಹಾಕುತ್ತಿದ್ದರು. "ಅಕ್ಕಾರ, ನಿಮ್ಮ ಹಕ್ಕಿ ಪ್ರೀತಿ ನಿಮಗಿರಲಿ, ನಮ್ಮನ್ಯಾಗ ಸಣ್ಣ ಹುಡುಗರ ಅದಾವು," ಅಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ, ಹೆದರಿಕೆ ಇತ್ತು. ನಿಫಾ ವೈರಾಣುವಿನ ಮುಖ್ಯ ಆಸರೆ ಬೇರೆ ಬಗೆಯ ದೊಡ್ಡ ಬಾವಲಿ, ನಮ್ಮ ಗಿಡಕ್ಕೆ ಬರುವುದು ಅಂಗೈಯಗಲದ ಸಣ್ಣದು ಅಂತ ವಿವರಿಸುವ ಧೈರ್ಯ ನನಗೂ ಅವತ್ತು ಬರಲಿಲ್ಲ. ಆಳು ಕರೆಸಿ ಎದೆಯ ಮಟ್ಟಕ್ಕೆ ಕಡಿಸಿಬಿಟ್ಟೆ. ಮೆತ್ತನೆಯ ಕಟ್ಟಿಗೆ, ಅರ್ಧ ತಾಸಿನ ಕೆಲಸ.

ಆ ವರ್ಷ ನವೆಂಬರಿನಲ್ಲಿ ಗುಂಪು ಬಂತು. ಗಿಡ ಇದ್ದ ಜಾಗದ ಮೇಲೆ ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಇಳಿಯಲಿಲ್ಲ. ಅವೇ ಹಕ್ಕಿಗಳೋ ಬೇರೆಯೋ ನಾನು ಹೇಗೆ ಹೇಳಲಿ? ಆದರೆ ಆ ಎರಡನೆಯ ಸುತ್ತು ನನಗೆ ಬಹಳ ದಿನ ಕಾಡಿತು. ಪುಣ್ಯಕ್ಕೆ ಈ ಗಿಡಕ್ಕೆ ಕೋಪ ಕಡಿಮೆ. ಮಳೆ ಬಿದ್ದದ್ದೇ ಚಿಗುರಿ, ಎರಡು ವರ್ಷದಲ್ಲಿ ಮತ್ತೆ ಸಜ್ಜ ಮುಟ್ಟಿತು. ಈಗ ಓಣಿಯ ಕಡೆ ಚಾಚುವ ಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರಿಸುತ್ತೇನೆ, ಹಣ್ಣಿನ ಕಸ ದಿನಾ ಗುಡಿಸುತ್ತೇನೆ, ಕಚ್ಚಿದ ಹಣ್ಣು ಮುಟ್ಟಬಾರದು ಅಂತ ಮಕ್ಕಳಿಗೆ ಹೇಳುತ್ತೇನೆ. ಎದುರು ಮನೆಯ ಸಣ್ಣ ಹುಡುಗಿ ಸಂಜೆ ಬಂದು ಕೈಗೆ ಸಿಗುವ ಕೊಂಬೆಯಿಂದ ಲಂಗದ ತುಂಬ ಹಣ್ಣು ಒಯ್ಯುತ್ತಾಳೆ. ಅವರಪ್ಪನಿಗೆ ಗೊತ್ತಿದೆಯೋ ಇಲ್ಲವೋ ನಾನು ವಿಚಾರಿಸಿಲ್ಲ.

ಒಂದು ಮನೆಯ ಹಿತ್ತಲು ಇಷ್ಟು ದೊಡ್ಡ ಪಯಣದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿರುವ ತಂಗಿಯ ಜೊತೆ ಮಾತಾಡುವಾಗ. ಅವಳ ಮನೆಯ ಹಿಂದೆ ಕೊಟೋನಿಯಾಸ್ಟರ್ ಪೊದೆ, ಒಂದು ಹಾಲಿ ಗಿಡ. ಡಿಸೆಂಬರಿನಲ್ಲಿ ಎಲ್ಲ ಬರಲಾದಾಗ ಅವೆರಡೇ ಕೆಂಪು. ಸ್ಕ್ಯಾಂಡಿನೇವಿಯಾದಿಂದ ಬರುವ ರೆಡ್‌ವಿಂಗ್, ಫೀಲ್ಡ್‌ಫೇರ್ ಎಂಬ ಸಿಳ್ಳಾರಗಳು ಅದಕ್ಕೆ ಮುತ್ತುತ್ತವೆ. ಹಾಲಿ ಗಿಡವನ್ನು ಮಾತ್ರ ಮಿಸಲ್ ಥ್ರಶ್ ಎಂಬ ಇನ್ನೊಂದು ಸಿಳ್ಳಾರ ಚಳಿಗಾಲವಿಡೀ ಒಬ್ಬನೇ ಕಾಯುತ್ತದೆ. ಯಾರು ಹತ್ತಿರ ಬಂದರೂ ಕಿಟಕಿಟ ಅಂತ ಹಲ್ಲು ಕಡಿದ ಹಾಗೆ ಸದ್ದು ಮಾಡಿ ಓಡಿಸುತ್ತದೆ. ತಂಗಿ ಅದನ್ನು ಫೋನಿನಲ್ಲಿ ತೋರಿಸಿದಾಗ ಅವ್ವ ಬಹಳ ಮೆಚ್ಚಿದಳು. "ಅದರ ಕೈಯಾಗ ಒಂದ ಕವಣಿ ಕೊಡ್ರಿ."

ತಂಗಿಯ ಅಂಗಳಕ್ಕೆ ಬರುವ ಇನ್ನೊಂದು ಹಕ್ಕಿ ಬ್ಲ್ಯಾಕ್‌ಕ್ಯಾಪ್, ಕರಿಟೊಪ್ಪಿಗೆಯ ಸಣ್ಣ ಉಲಿಯಕ್ಕಿ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಗೂಡು ಮಾಡುವ ಈ ಹಕ್ಕಿ ಚಳಿಗಾಲಕ್ಕೆ ದಕ್ಷಿಣದ ಸ್ಪೇನಿನ ಕಡೆ ಹೋಗುವುದು ಸಂಪ್ರದಾಯ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಕೆಲವು ಹಕ್ಕಿಗಳು ದಾರಿ ಬದಲಿಸಿ ವಾಯವ್ಯಕ್ಕೆ, ಬ್ರಿಟನ್ನಿಗೆ ಹೋಗತೊಡಗಿದವು. ಅಲ್ಲಿನ ಚಳಿ ತುಸು ಮೆತ್ತಗಾಗಿತ್ತು. ಜನ ಮನೆಯಂಗಳದಲ್ಲಿ ಹಕ್ಕಿಗಳಿಗೆ ಕಾಳು, ಕೊಬ್ಬು, ಹಣ್ಣು ಇಡುವ ರೂಢಿ ಹೆಚ್ಚಾಗಿತ್ತು. ಪೀಟರ್ ಬರ್ಟ್‌ಹೋಲ್ಡ್ ಎಂಬ ಜರ್ಮನ್ ವಿಜ್ಞಾನಿ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಚಳಿಗಾಲ ಕಳೆದ ಹಕ್ಕಿಗಳನ್ನು ಹಿಡಿದು, ಅವುಗಳ ಮರಿಗಳನ್ನು ಪಂಜರದಲ್ಲೇ ಬೆಳೆಸಿ ನೋಡಿದರು. ಹೊರಗಿನ ಆಕಾಶದಲ್ಲಿ ಒಮ್ಮೆಯೂ ವಲಸೆ ಹೋಗದ ಆ ಮರಿಗಳು ಕಾಲ ಬಂದಾಗ ಬ್ರಿಟನ್ನಿನ ದಿಕ್ಕಿಗೇ ಮುಖ ಮಾ‌ಡಿ ಚಡಪಡಿಸಿದವು. 1992ರಲ್ಲಿ ಇದು ಪ್ರಕಟವಾಯಿತು. ಹೊಸ ದಾರಿ ರಕ್ತಕ್ಕೆ ಇಳಿದಿತ್ತು. ಅಂದರೆ ಯಾರೋ ಅಜ್ಜಿ ಕಿಟಕಿಯ ಹೊರಗಿಟ್ಟ ಊಟಕ್ಕೂ ಆ ದಾರಿ ಉಳಿದುಕೊಂಡದ್ದರಲ್ಲಿ ಪಾಲಿದೆ. ಇದನ್ನು ಓದಿದ ದಿನ ಗಸಗಸೆ ಗಿಡ ಕಡಿಸಿದ್ದು ಮತ್ತೊಮ್ಮೆ ಚುಚ್ಚಿತು.

ಉಂಡ ಹಕ್ಕಿ ಸುಮ್ಮನೆ ಹೋಗುವುದಿಲ್ಲ. ತಿಂದ ಹಣ್ಣಿನ ಬೀಜ ಹೊತ್ತೇರುವುದರೊಳಗೆ ಇನ್ನೊಂದು ಗಿಡದ ಕೆಳಗೆ ಬಿದ್ದಿರುತ್ತದೆ. ಗಿಳಿಯ ಮಾತು ಬೇರೆ, ಅದು ಬೀಜವನ್ನೂ ಒಡೆದು ತಿನ್ನುವ ಸಾಹುಕಾರ. ಉಳಿದವು ನನ್ನ ಹಿತ್ತಲಲ್ಲಿ ನೆಟ್ಟದ್ದರ ಪಟ್ಟಿ ನಾನು ನೆಟ್ಟದ್ದಕ್ಕಿಂತ ಉದ್ದ ಇದೆ: ನೀರಿನ ಟಾಕಿಯ ಕೆಳಗೆ ಬೇವು, ಪ್ಯಾರಾಪೆಟ್ಟಿನ ಬಿರುಕಿನಲ್ಲಿ ಅರಳಿ (ಕಿತ್ತಷ್ಟೂ ಬರುತ್ತದೆ, ಹಬ್ಬಿದರೆ ಗೋಡೆ ಹೋಗುತ್ತದೆ), ಬೇಲಿಯಲ್ಲಿ ಬಾರಿಹಣ್ಣಿನ ಕಂಟಿ, ಕರಿಬೇವಿನ ಮಗ್ಗುಲಲ್ಲಿ ಒಂದು ಗಂಧ. ಗಂಧದ ಬೀಜ ಬಿತ್ತುವುದರಲ್ಲಿ ಕೋಗಿಲೆಯದು ದೊಡ್ಡ ಕೈ. ಗಂಧ ನೆರೆಯ ಗಿಡದ ಬೇರಿಗೆ ಬೇರು ಹಾಕಿ ಅನ್ನ ಪಡೆಯುವ ಜಾತಿ, ಕೋಗಿಲೆ ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವ ಜಾತಿ. ಸಂಬಂಧ ಕುದುರಿದ್ದರಲ್ಲಿ ಆಶ್ಚರ್ಯವಿಲ್ಲ. ಹಕ್ಕಿ ಬಿತ್ತಿದ ಆ ಗಂಧ 2001ರ ಕಾನೂನು ತಿದ್ದುಪಡಿಯ ಪ್ರಕಾರ ಈಗ ಜಮೀನಿನ ಒಡೆಯರದ್ದೇ, ನನ್ನದೇ. ಬಿತ್ತಿದ ಕೂಲಿ ಮಾತ್ರ ಯಾರೂ ಕೇಳಿಲ್ಲ.

ಎಲ್ಲ ಬಿತ್ತನೆಯೂ ಒಳ್ಳೆಯದಲ್ಲ. ಅಂದದ ಹೂವೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದ ಲಂಟಾನವನ್ನು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳವರೆಗೆ ಹರಡಿದ್ದರಲ್ಲಿ ಇದೇ ಪಿಕಳಾರಗಳ ಪಾಲಿದೆ. ಅದರ ಕಪ್ಪು ಹಣ್ಣು ಅವಕ್ಕೆ ಬಹಳ ಪ್ರೀತಿ. ನನ್ನ ಬೇಲಿಯಲ್ಲಿ ಅದರ ಸಸಿ ಕಂಡ ದಿನವೇ ಕೀಳುತ್ತೇನೆ. ಹಕ್ಕಿಯ ಇಷ್ಟವೇ ಕೊನೆಯ ಮಾತಲ್ಲ ಅನ್ನುವಷ್ಟು ಅವ್ವನ ಮಗಳು ನಾನೂ ಹೌದು.

ಈ ನಡುವೆ ಅವ್ವನ ತವರಿನಿಂದ ಮಾಮಾ ಬಂದಿದ್ದ. ಹಕ್ಕಿ ತೋರಿಸಿದೆ. ಅವನು ಬೇರೆಯದೇ ಹೇಳಿದ. "ಮೊದಲ ಊರಿಗೆ ಊರ ಜ್ವಾಳ ಬಿತ್ತತಿತ್ತು. ಹಕ್ಕಿ ತಿಂದಿದ್ದ ಎಲ್ಲಾರಿಗೂ ಹಂಚಿ ಹೋಗತಿತ್ತು. ಈಗ ಸುತ್ತ ತೊಗರಿ, ಕಬ್ಬ, ದ್ರಾಕ್ಷಿ. ನಡುವ ನಾ ಒಬ್ಬಾಂವ ಎರಡ ಎಕರೆ ಜ್ವಾಳ ಹಾಕಿದ್ರ ಇಡೀ ಸೀಮಿ ಹಕ್ಕಿ ನನ್ನ ಹೊಲದಾಗ." ಕಾಯುವುದಕ್ಕೆ ಮನೆಯಲ್ಲಿ ಹುಡುಗರಿಲ್ಲ, ಇದ್ದವರು ಸಾಲಿಗೆ ಹೋಗುತ್ತಾರೆ, ಹೋಗಲೇಬೇಕು. ಕೂಲಿಗೆ ಕರೆದರೆ ಜೋಳದ ಬೆಲೆಗಿಂತ ಕೂಲಿ ಹೆಚ್ಚು. ದ್ರಾಕ್ಷಿ ತೋಟಕ್ಕಾದರೆ ಬಲೆ ಹೊದಿಸುತ್ತಾರೆ, ಜೋಳಕ್ಕೆ ಯಾರು ಹೊದಿಸುತ್ತಾರೆ? ಹೀಗೆ ಒಬ್ಬೊಬ್ಬರೇ ಬಿಟ್ಟಂತೆ ಉಳಿದವರ ಹೊಲಕ್ಕೆ ಹಕ್ಕಿ ಇನ್ನಷ್ಟು ದಟ್ಟವಾಗುತ್ತದೆ, ಅವರೂ ಬಿಡುತ್ತಾರೆ. ಜೋಳ ಕಡಿಮೆಯಾದದ್ದಕ್ಕೆ ಪಡಿತರದ ಅಕ್ಕಿಯನ್ನೂ ಕಬ್ಬಿನ ಆಸೆಯನ್ನೂ ಕಾರಣವಾಗಿ ಕೇಳಿದ್ದೆ. ಈ ಕಾರಣವನ್ನು ಕೇಳಿದ್ದು ಅದೇ ಮೊದಲು. ಸಿರಿಧಾನ್ಯದ ಭಾಷಣ ಮಾಡುವವರು ಒಂದು ಬೆಳಗು ಮಂಚಿಕಿ ಹತ್ತಿ ನೋಡಬೇಕು.

ಫೆಬ್ರುವರಿ ಮುಗಿಯುತ್ತಿದ್ದಂತೆ ಹಕ್ಕಿಗಳ ಬಣ್ಣ ಏರತೊಡಗುತ್ತದೆ. ಚಳಿಗಾಲದಲ್ಲಿ ಗರಿಗಳ ಅಂಚಿಗೆ ಮಣ್ಣುಬಣ್ಣದ ಕರೆ ಇರುತ್ತದೆ. ಗುಲಾಬಿ ಮಾಸಲು, ಕಪ್ಪು ಬೂದಿ. ಆ ಅಂಚು ದಿನದಿನಕ್ಕೆ ಸವೆದು ಉದುರಿ ಅಡಿಯ ಬಣ್ಣ ಹೊರಗೆ ಬರುತ್ತದೆ. ತವರಿಗೆ ಹೋಗಲು ಹೊಸ ಸೀರೆ ಉಡುವುದಲ್ಲ, ಹಳೆಯದರ ಅಂಚು ಹರಿದೇ ಚೆಲುವಾಗುವುದು. ಆಗ ಹಣ್ಣಿನ ಜೊತೆ ಹೂವೂ ಬೇಕು. ಬೂರುಗ, ಮುತ್ತಲ, ಹಾಲಿವಾಣ ಕೆಂಪಾಗಿ ನಿಂತಾಗ ಮೂತಿಗೆಲ್ಲ ಪರಾಗ ಬಳಿದುಕೊಂಡು ಮಕರಂದ ಕುಡಿಯುತ್ತವೆ. ಏಪ್ರಿಲಿನ ಒಂದು ಬೆಳಗು ಗಿಡದಲ್ಲಿ ಕೆಂಪು ಹಾಗೇ ಉಳಿದಿರುತ್ತದೆ. ಅಲ್ಲಿಗೆ ಹೊರಟರು ಅಂತ ಅರ್ಥ. ಬರುವಾಗ ಆಗುವ ಗದ್ದಲ ಹೋಗುವಾಗ ಇಲ್ಲ.

ಆ ಬೇಸಿಗೆ ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡಿದಳು. ಜೊಳ್ಳು, ಸಣ್ಣ ಕಾಳು, ಹಳ್ಳು ಎಲ್ಲ ಮೋರಿಯ ಕಡೆ ಕೇರಿದಳು. ಗುಬ್ಬಿಗಳು ಅಷ್ಟಿಷ್ಟು ತಿಂದವು. ಉಳಿದದ್ದು ಮಳೆಗೆ ಮೊಳೆಯಿತು. ಕಳೆ ಅಂತ ಕೀಳಲು ಹೋದ ನನ್ನ ಕೈ ಹಿಡಿದಳು. ಆರು ದಂಟು ಉಳಿದವು. ಬಚ್ಚಲ ನೀರಿಗೆ ಕಂಪೌಂಡು ಮೀರಿ ಎದ್ದು, ದೀಪಾವಳಿ ಕಳೆದ ಮೇಲೆ ಆರು ತೆನೆ ಕಟ್ಟಿದವು. ಅವ್ವ ದಿನಾ ಹೋಗಿ ಒಂದು ಕಾಳು ಹಿಸುಕಿ ನೋಡುವಳು. ಹಾಲು ತುಂಬಿದ ದಿನ, "ಇನ್ನ ನಾಕ ದಿನ ಬಿಟ್ಟರ ಸೀತನಿಗೆ ಹದ ಆಗತಾವು" ಅಂದಳು. ಆರು ಹಸಿ ತೆನೆ ಸುಟ್ಟು ಉದುರಿಸಿದ ಸೀತನಿಯನ್ನು ಯಾರ ಯಾರಿಗೆ ಕೊಡಬೇಕೆಂಬ ಲೆಕ್ಕವೂ ಆಗಿತ್ತು.

ಎರಡನೆಯ ದಿನ ಬೆಳಿಗ್ಗೆ ತಲೆಯ ಮೇಲೆ ಒದ್ದೆ ಸೀರೆ ಜಾಡಿಸಿದ ಸಪ್ಪಳವಾಯಿತು. ಗುಂಪು ಗಸಗಸೆ ಗಿಡಕ್ಕೆ ಇಳಿಯಿತು, ಒಂದು ಕ್ಷಣ ಸುಮ್ಮನಾಯಿತು, ಅರ್ಧದಷ್ಟು ಹಕ್ಕಿಗಳು ಎದ್ದು ಮೋರಿಯ ಕಡೆಗೆ ತಿರುಗಿದವು. ದಂಟುಗಳು ಭಾರಕ್ಕೆ ಬಾಗಿದವು. ನಾನು ಅವ್ವನ ಕೈ ನೋಡಿದೆ. ಕೈ ಬಟ್ಟಲು ಹಿಡಿದುಕೊಂಡೇ ಇತ್ತು. ಕಾಲು ತಾಸು ಅವಳು ಅಲುಗಾಡಲಿಲ್ಲ. ಆರು ತೆನೆಗಳಲ್ಲಿ ಬರೀ ಹೊಟ್ಟು ಉಳಿದು, ಹಕ್ಕಿಗಳು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕೋರ್ಟಿನಲ್ಲಿ ಗೆದ್ದವರ ಕಳೆ.

"ನೋಡಿದ್ಯಾ? ನಾ ಹೇಳಿರಲಿಲ್ಲ?"